ಅಪ್‌ಡೇಟ್: ಐದನೇ ಕ್ಲಾಸಿಗೆ ಇಂಗ್ಲಿಷ್ ಹಾಡು, ಏನಾಯ್ತು ಅಂದ್ರೆ

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್‌ನಲ್ಲಿ ಬಾಯೇ ಬಿಡಲ್ಲ, ಯಾವ ಹಾಡು ಹೇಳಿಕೊಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಪಾಪ್ ಹಾಡು ಕೇಳಿಸಿ ಅಂತ ಒಂದು ಸಲಹೆ ಬಂತು, ಚಪ್ಪಾಳೆ ತಾಳಕ್ಕೆ ಪ್ರಶ್ನೋತ್ತರ ಹೇಳಿಸಿ ಅಂತ ಒಬ್ಬ ಮೇಡಂ ಹೇಳಿದ್ರು. ಅದರ ಮುಂದಿನ ಕಥೆ ಇದು.

ಪಾಪ್ ಹಾಡು ಕೇಳಿಸಿ ಬಿಟ್ಟ ಸ್ಥಳ ತುಂಬಿಸೋದು ನಮ್ಮಲ್ಲಿ ನಡೆಯಲಿಲ್ಲ. 'ಗೋಯಿಂಗ್ ಟು', 'ವಾಂಟ್ ಟು' ಅನ್ನೋದನ್ನ 'ಗೊನ್ನಾ', 'ವನ್ನಾ' ಅಂತ ನುಂಗಿ ಹಾಡಿದ್ರೆ ಅವಕ್ಕೆಲ್ಲಿ ಅರ್ಥವಾಗ್ಬೇಕು! ಕೈಹಿಡಿದದ್ದು ಆ ಮೇಡಂ ಕೊಟ್ಟ ಚಪ್ಪಾಳೆ ಐಡಿಯಾ: ಅರ್ಧ ಕ್ಲಾಸು ತಾಳ ಹಾಕಿ 'ವಾಟ್ ಡಿಡ್ ಯು ಈಟ್?' ಅನ್ನೋದು, ಇನ್ನರ್ಧ 'ಐ ಏಟ್ ಎ ದೋಸೆ' ಅನ್ನೋದು. ಚಿಕ್ಕ ಕ್ಲಾಸುಗಳಲ್ಲಿ ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳಲ್ಲಿ ಆಟ, ಹಾಡಿನ ಮೂಲಕ ಕಲಿಸೋ ಪದ್ಧತಿ) ಹಾಡಿಕೊಂಡೇ ಬಂದವರು, ಸಂಕೋಚವೇ ಇಲ್ಲ.

ಎಣಿಸದೇ ಸಿಕ್ಕಿದ್ದು ಉಚ್ಚಾರಣೆ. 'ಮಿಲ್ಕು', 'ಇಸ್ಕೂಲು' ಅಂತಿದ್ದವರು ತಾಳದಲ್ಲಿ 'ಮಿಲ್ಕ್', 'ಸ್ಕೂಲ್' ಅಂತಾರೆ. ಮುಂದೆ 'ಇ', ಕೊನೆಗೆ 'ಉ' ಅಂತ ಬಾಲ ಸೇರಿಸಿದ್ರೆ ತಾಳ ತಪ್ಪುತ್ತಲ್ಲ. ಮಾತಾಡುವಾಗ ಮಾತ್ರ ಬಾಲ ಇನ್ನೂ ಇಣುಕುತ್ತೆ.

ಹಾಡು ಕೇಳಿಸೋಕೆ ಯಾವ ಸ್ಪೀಕರ್ ತಗೊಂಡ್ರಿ ಅಂತ ಕೇಳಿದವರಿಗೆ: ಬೇಕಾಗಲೇ ಇಲ್ಲ, ಬೆಂಚು ಬಡಿದರೆ ಸಾಕು. ಪಕ್ಕದ ಕ್ಲಾಸಿನ ಟೀಚರ್‌ಗೆ ಮೊದಲೇ ಹೇಳಿಡಿ.