ಸಹಾಯ ಬೇಕು: ನೈಟ್ರಿಕ್ ಆಸಿಡ್ ಬಾಟಲಿ ಯಾವ ಬೀರುವಿನಲ್ಲಿ ಇಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್.

ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ, ಕಿಟಕಿ ಪಕ್ಕದ ಮರದ ಶೆಲ್ಫಿನಲ್ಲಿ ನೈಟ್ರಿಕ್ ಆಸಿಡ್ ಬಾಟಲಿ ಇದೆ. ಲೇಬಲ್ ಮೇಲೆ 69–72% ಅಂತಿದೆ. ಮೊದಲು ನೀರಿನ ಹಾಗಿತ್ತು, ಈಗ ಪೂರ್ತಿ ಹಳದಿ. ಬೆಳಕು, ಶಾಖಕ್ಕೆ ಆಸಿಡ್ ಒಡೆದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತೆ, ಅದರಿಂದ ಈ ಬಣ್ಣ ಅಂತ ಗೊತ್ತು. ಆದರೆ ಕೆಳಗೆ ಹಾಸಿದ್ದ ಪೇಪರ್ ಮುಟ್ಟಿದರೆ ಪುಡಿಪುಡಿ. ಅದನ್ನು ನೋಡಿಯೇ ಎದೆ ಧಸಕ್ಕೆಂದಿತು.

ಗ್ಲೌಸ್, ಕನ್ನಡಕ ಹಾಕಿಕೊಂಡು ಬಾಟಲಿಯನ್ನು ಬಿಸಿಲು ಬೀಳದ ಕಡೆ ಇಟ್ಟೆ. ಪೇಪರ್ ತೆಗೆಸಿದೆ. ಸ್ಪಿರಿಟ್, ಅಸಿಟೋನ್ ಎರಡನ್ನೂ ಬೇರೆ ಕೋಣೆಗೆ ಸಾಗಿಸಿದೆ. ಅಷ್ಟು ಸರಿ ಅಂದುಕೊಂಡಿದ್ದೇನೆ.

ಗೊಂದಲ ಇರೋದು ಇಲ್ಲಿ. "ಆಸಿಡ್‌ಗಳೆಲ್ಲ ಒಂದೇ ಬೀರುವಿನಲ್ಲಿ ಇಡಪ್ಪಾ" ಅಂತಾರೆ ನಮ್ಮ ಸರ್. ಆ ಬೀರುವಿನಲ್ಲಿ ಗ್ಲೇಶಿಯಲ್ ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರೋ ಆಸಿಡ್, ನೀರು ಬೆರೆಸದ್ದು) ಕೂಡ ಇದೆ. ಹೆಸರಿಗೆ ಆಸಿಡ್ ನಿಜ, ಆದರೆ ಅದು ಸ್ಪಿರಿಟ್ ಥರ ಹೊತ್ತಿಕೊಳ್ಳೋ ವಸ್ತು ಅಲ್ವಾ? ನೈಟ್ರಿಕ್ ತಾನು ಉರಿಯಲ್ಲ, ಉರಿಯೋದಕ್ಕೆ ಕುಮ್ಮಕ್ಕು ಕೊಡುತ್ತೆ. ಸರ್ ಹತ್ತಿರ ಸುಮ್ನೆ ವಾದ ಮಾಡೋಕೆ ಧೈರ್ಯ ಸಾಲದು, ಸರಿಯಾದ ಕಾರಣ ಬೇಕು.

ಲ್ಯಾಬ್ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ: ನೈಟ್ರಿಕ್ ಆಸಿಡ್ ಅನ್ನು ಅಸಿಟಿಕ್ ಜೊತೆ ಇಡಬಹುದಾ, ಪೂರ್ತಿ ಬೇರೆಯೇ ಇಡಬೇಕಾ? ಹಾಗೇ ಈ ಹಳದಿ ಬಾಟಲಿಯನ್ನು ಪ್ರಾಕ್ಟಿಕಲ್‌ಗೆ ಬಳಸಬಹುದಾ, ಇಲ್ಲ ವಿಲೇವಾರಿಗೆ ಕೊಡಬೇಕಾ?