ಅಪ್‌ಡೇಟ್: ಗುಂಯ್ ಎನ್ನುತ್ತಿದ್ದ ಮೋಟಾರ್ ಈಗ ನೀರೆತ್ತುತ್ತಿದೆ

ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ನಮ್ಮ 1 ಎಚ್‌ಪಿ ಮೋಟಾರ್, ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಹೊಸದು ಕೊಳ್ಳಬೇಕೇ ಎಂದು ಕೇಳಿದ್ದೆ. ಕೊಳ್ಳಬೇಕಾಗಲಿಲ್ಲ! ಕೆಪಾಸಿಟರ್ (ಮೋಟಾರ್ ತಿರುಗತೊಡಗಲು ನೆರವಾಗುವ, ಚಾರ್ಜ್ ಹಿಡಿದಿಡುವ ಬಿಡಿಭಾಗ) ನೋಡಿಸಿ ಎಂದವರ ಮಾತೇ ನಿಜವಾಯಿತು, ಅವರಿಗೆ ಮನಸಾರೆ ಧನ್ಯವಾದ.

ಮೇನ್ ಆಫ್ ಮಾಡಿ ಹಿಂಬದಿಯ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಿತು, ಬೇರಿಂಗ್ ಹಿಡಿದಿರಲಿಲ್ಲ. ಮುಚ್ಚಳ ಬಿಚ್ಚಿದಾಗ ಕೆಪಾಸಿಟರ್ ಉಬ್ಬಿಕೊಂಡು, ತಳದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಎಲೆಕ್ಟ್ರಿಷಿಯನ್ ಅದರಲ್ಲಿ ಉಳಿದಿದ್ದ ಚಾರ್ಜ್ ಇಳಿಸಿ, ಅಷ್ಟೇ ಮೈಕ್ರೋಫ್ಯಾರಡ್‌ನ (ಕೆಪಾಸಿಟರ್ ಸಾಮರ್ಥ್ಯದ ಅಳತೆ), 440 ವೋಲ್ಟಿನ ಹೊಸದನ್ನು ಹಾಕಿದರು. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು, ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನೊಂದು ತೊಂದರೆಯೂ ಇದೆ: ಮೋಟಾರಿನ ಶಾಫ್ಟಿನ (ತಿರುಗುವ ದಂಡದ) ಬಳಿ ನೀರು ತೊಟ್ಟಿಕ್ಕುತ್ತಿದೆ. ಅದು ಅಲ್ಲಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸವೆದದ್ದರಿಂದಂತೆ. ಆ ನೀರು ಬೇರಿಂಗಿಗೆ ಇಳಿಯುವ ಮೊದಲೇ, ಈ ವಾರ ಸೀಲನ್ನೂ ಬದಲಿಸುತ್ತಿದ್ದೇವೆ.