ಸಹಾಯ ಬೇಕು: ತಂಗಿಗೆ ಕುವೈತ್‌ನಲ್ಲಿ ನರ್ಸ್ ಕೆಲಸ, ಏಜೆಂಟ್ ಕೇಳುತ್ತಿರುವುದು 4 ಲಕ್ಷ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನನ್ನ ತಂಗಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಇಲ್ಲೇ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದಾಳೆ. ಕುವೈತ್‌ಗೆ ಕಳಿಸುತ್ತೇನೆ ಅಂತ ಒಬ್ಬ ಏಜೆಂಟ್ ಮನೆಗೇ ಬಂದು ಹೋಗಿದ್ದಾನೆ. 4 ಲಕ್ಷ ಕೊಡಬೇಕಂತೆ. ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್ ಎಲ್ಲದರ ಒರಿಜಿನಲ್ ಅವನ ಹತ್ತಿರವೇ ಇರಬೇಕಂತೆ. ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ದಂಡ ಬೇರೆ. ಅಮ್ಮ ಬಳೆ ಅಡ ಇಡಲು ಹೊರಟಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ನಾನು ಓದಿ ತಿಳಿದಿದ್ದು ಇಷ್ಟು. 1983ರ ವಲಸೆ ಕಾಯ್ದೆ ಪ್ರಕಾರ ಇಂಥ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನ ಪಟ್ಟಿಯಲ್ಲಿ ಸಿಗಬೇಕು. 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತಗೊಳ್ಳುವ ಹಾಗಿಲ್ಲ. ಕುವೈತ್, ಸೌದಿಯಂಥ ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಲ್ಲೇ ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ವಿದೇಶಕ್ಕೆ ಹೋಗಲು ಸರ್ಕಾರದ ಅನುಮತಿ) ಕಡ್ಡಾಯವಾಯಿತು. ಹೀಗೆ ಸುಲಿಯುವುದನ್ನು ತಡೆಯಲೆಂದೇ ಸರ್ಕಾರಿ ಸಂಸ್ಥೆಗಳ ಮೂಲಕ ಕಳಿಸುವ ನಿಯಮ ತಂದರು. ನೋಂದಣಿ ನಂಬರ್ ಕೇಳಿದರೆ ಈತ ಮಾತು ತೇಲಿಸುತ್ತಾನೆ. ಅಲ್ಲೇ ಅನುಮಾನ ಬರುತ್ತದೆ ಅಲ್ವಾ?

ಪಕ್ಕದ ಕೇರಳದಲ್ಲಿ ಅಲ್ಲಿನ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ಮೂಲಕ ಜರ್ಮನಿಗೆ ನರ್ಸ್‌ಗಳು ಹಣ ಕೊಡದೆ ಹೋಗುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾಡಿದ ನೀತಿಯಲ್ಲೂ ಹೊರದೇಶದಿಂದ ಬಂದ ಆರೋಗ್ಯ ಸಿಬ್ಬಂದಿಗೆ ಅಲ್ಲಿಯವರಷ್ಟೇ ಹಕ್ಕು ಇರಬೇಕು ಅಂತಿದೆ.

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಸರ್ಕಾರದ ಮೂಲಕ ಹೋದವರು ಇದ್ದೀರಾ? ಅರ್ಜಿ ಎಲ್ಲಿ ಹಾಕಿದಿರಿ, ಎಷ್ಟು ತಿಂಗಳು ಆಯಿತು? ಕರಾರು ಪತ್ರದಲ್ಲಿ ಮುಖ್ಯವಾಗಿ ಏನು ನೋಡಬೇಕು? ತಂಗಿ ಹೋಗಲಿ ಅಂತಲೇ ನನ್ನ ಆಸೆ, ಸಾಲ ಹೊತ್ತು ಮಾತ್ರ ಬೇಡ. ಭಾನುವಾರ ಅವನು ಮುಂಗಡಕ್ಕೆ ಬರುತ್ತಾನೆ. ದಯವಿಟ್ಟು ಅಷ್ಟರೊಳಗೆ ತಿಳಿಸಿ.